ಗಿರಿದರ್ಶನಕ್ಕೂ ನಿಯಮ ಬೇಕು

ಶಹಾಪುರದ ಬೆಟ್ಟಗಳನ್ನು ದೂರದ ರಸ್ತೆಯಿಂದ ನೋಡಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಆ ಶಿಲಾಪಂಕ್ತಿಯು ಅಂಗಾತ ಪವಡಿಸಿದ ಬುದ್ಧನಂತೆ ಕಾಣುವುದು. ಹಣೆ, ಮೂಗು, ಎದೆಗಳು ಸ್ಪಷ್ಟವಾಗಿ ತೋರುವುವು. ಸಮೀಪಕ್ಕೆ ಹೋದೊಡನೆ ಬುದ್ಧನು ಮರೆಯಾಗಿ ಬರಿಯ ಬಂಡೆಗಳು ಉಳಿಯುವುವು. ಆದರೂ ಸಮೀಪಕ್ಕೆ ಹೋಗಬಾರದೆಂದು ನಾನು ಹೇಳಲಾರೆ. ಹೋಗುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ.

ಫ್ರಾನ್ಸ್ ದೇಶದ ಮಾರ್ಸೇಲ್ಸ್ ಮಹಾನಗರದ ಅಂಚಿನಲ್ಲಿಯೇ, ಮೆಡಿಟರೇನಿಯನ್ ಸಮುದ್ರತೀರದಲ್ಲಿ, ಕಲಾಂಕ್ ಎಂಬ ಸುಣ್ಣಕಲ್ಲಿನ ಕಡಿದಾದ ಕಮರಿಗಳಿವೆ. 2012ರಲ್ಲಿ ಆ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಸುಜಿತೋಂ ಎಂಬ ಕಿರುಗೊಲ್ಲಿಗೆ ಬೇಸಿಗೆಯಲ್ಲಿ ಕೆಲವು ದಿನ ಎರಡು ಸಾವಿರಕ್ಕೂ ಮಿಕ್ಕಿದ ಜನ ಬರುತ್ತಿದ್ದರು. ಕಾಲ್ತುಳಿತಕ್ಕೆ ಮಣ್ಣು ಸವೆದು ಪೈನ್ ಮರಗಳ ಬೇರುಗಳು ಹೊರಬಿದ್ದವು. 2022ರಿಂದ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ, ಮುಂಗಡವಾಗಿ ಹೆಸರು ನೋಂದಿಸಿದ 400 ಮಂದಿಗೆ ಮಾತ್ರ ಅಲ್ಲಿ ಪ್ರವೇಶ. ಶುಲ್ಕವಿಲ್ಲ, ಧನಿಕನಿಗೂ ಬಡವನಿಗೂ ಒಂದೇ ಸರದಿ. ನನಗೆ ಬಹಳ ಮೆಚ್ಚಿಗೆಯಾದುದು ಇದೇ.

ನಮ್ಮ ಬೆಟ್ಟಗಳದು ಗ್ರಾನೈಟ್ ಶಿಲೆ. ಇಲ್ಲಿ ಕಡಲಿನ ಸುಳಿವಿಲ್ಲ. ಆದರೆ ಊರು ಬೆಟ್ಟದ ಬುಡಕ್ಕೇ ಹೊಂದಿಕೊಂಡಿರುವುದರಿಂದ ಅಪಾಯವು ಒಂದೇ ತೆರನಾದುದು. ಗ್ರಾನೈಟು ಸವೆಯದೆಂಬ ಧೈರ್ಯ ಬೇಡ. ಬಂಡೆಗಳ ಸಂದಿನಲ್ಲಿ ಹುಲ್ಲುಪೊದೆಗಳನ್ನು ಹಿಡಿದಿರುವುದು ಗೇಣುದ್ದದ ಮಣ್ಣು. ಮಳೆನೀರು ನಿಂತ ದೊಣೆಗೆ ನಾವು ಪ್ಲಾಸ್ಟಿಕ್ ಚೀಲಗಳನ್ನು ಎಸೆದು ಬರುತ್ತೇವೆ; ಹಕ್ಕಿಗೂ ಆಡುಕುರಿಗಳಿಗೂ ಕುಡಿಯಲು ಅದೇ ನೀರು.

ಇದನ್ನು ಹೇಳುವ ಅಧಿಕಾರ ನನಗೆ ಪೂರ್ಣವಾಗಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಬೆಟ್ಟಕ್ಕೆ ಕರೆದೊಯ್ದ ವಿದ್ಯಾರ್ಥಿಗಳಲ್ಲಿ ಒಬ್ಬನು ಬಂಡೆಯ ಮೇಲೆ ಬಣ್ಣದಿಂದ ತನ್ನ ಹೆಸರನ್ನು ಬರೆದನು. ಬರೆಯುವಾಗ ಒಂದು ಒತ್ತಕ್ಷರವನ್ನು ಬಿಟ್ಟಿದ್ದನು. ಶಾಸನದಲ್ಲಿ ಅಕ್ಷರವೊಂದು ಅಳಿದಿದ್ದರೆ ಮರುಗುವ ಈ ಪಂಡಿತನು ಅಂದು ಮಾಡಿದ್ದೇನು? ಅವನ ಕೈಯಿಂದ ಕುಂಚವನ್ನು ಪಡೆದು ಒತ್ತಕ್ಷರವನ್ನು ತಿದ್ದಿದೆನು! ಮಕ್ಕಳು ಚಪ್ಪಾಳೆ ತಟ್ಟಿದರು. ಬರೆದದ್ದೇ ತಪ್ಪೆಂಬುದು ಬೆಟ್ಟವಿಳಿದು ಮನೆ ಸೇರಿದ ಮೇಲೆ ಹೊಳೆಯಿತು.

ಸರ್ಕಾರದ ಆಜ್ಞೆಯನ್ನು ಕಾಯದೆ ಶ್ರೀಮಠದ ಈ ಶಾಲೆಯೇ ನಿಯಮವನ್ನು ಆರಂಭಿಸಬಹುದು. ದಿನಕ್ಕೆ ಒಂದೇ ತರಗತಿ ಹೋಗಲಿ. ರೊಟ್ಟಿಯ ಬುತ್ತಿ ಬಟ್ಟೆಯಲ್ಲಿರಲಿ, ನೀರು ತಂಬಿಗೆಯಲ್ಲಿರಲಿ. ಚಳಿಗಾಲದಲ್ಲಿ ಸುರಪುರದ ಬಳಿಯ ಬೋನಾಳ ಕೆರೆಗೆ ಹೋದಾಗಲೂ ಇದೇ ಕ್ರಮ. ಅಲ್ಲಿ ಹಕ್ಕಿಗಳಿಗಾಗಿ ಮೌನವೂ ಬೇಕು. ಮೊದಲ ಸಂಚಾರದಲ್ಲಿ ಮಕ್ಕಳೊಡನೆ ನಾನೂ ಬರುವೆನು. ರಸ್ತೆಯ ಬದಿಯಲ್ಲಿ ನಿಲ್ಲಿಸಿ ಮೊದಲು ಬುದ್ಧನನ್ನು ತೋರಿಸಿ, ಬಳಿಕ ಆ ಬಂಡೆಯ ಬಳಿಗೆ ಕರೆದೊಯ್ದು ನನ್ನ ಒತ್ತಕ್ಷರವನ್ನೂ ತೋರಿಸುವೆನು.