ಕಾರ್ಯಕ್ರಮ ಮುಗಿಯುವುದು ಎಷ್ಟು ಗಂಟೆಗೆ?

ಬೆಂಗಳೂರಿನ ಯಾವ ಆಹ್ವಾನ ಪತ್ರಿಕೆಯನ್ನು ಬೇಕಾದರೂ ತೆಗೆದು ನೋಡಿ. ಉದ್ಘಾಟಕರ ಹೆಸರಿರುತ್ತದೆ, ಅಧ್ಯಕ್ಷರ ಹೆಸರಿರುತ್ತದೆ. ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ ಎಂದು ಮೂರು ದರ್ಜೆಯ ಅತಿಥಿಗಳಿರುತ್ತಾರೆ. ಕೆಳಗೆ ‘ಸರ್ವರಿಗೂ ಆದರದ ಸ್ವಾಗತ, ಪ್ರವೇಶ ಉಚಿತ’ ಎಂಬ ಸಾಲು. ಶುರುವಾಗುವ ಹೊತ್ತು ಕೂಡ ಇರುತ್ತದೆ. ಮುಗಿಯುವ ಹೊತ್ತು ಮಾತ್ರ ಎಲ್ಲೂ ಇರುವುದಿಲ್ಲ.

ಇದು ಮರೆತು ಬಿಟ್ಟದ್ದಲ್ಲ ಎಂಬುದು ನನ್ನ ವಾದ. ಮುಗಿಯುವ ಹೊತ್ತು ಯಾರಿಗೆ ಬೇಕೋ ಅವರು ಬರುತ್ತಾರೆ ಎಂದು ಕರೆಯುವವರು ಅಂದುಕೊಂಡೇ ಇಲ್ಲ. ಕಾರಿನಲ್ಲಿ ಬಂದವರಿಗೆ ಅದು ಬೇಡ. ಸಭಾಂಗಣದಿಂದ ಎರಡು ರಸ್ತೆಯಾಚೆ ಮನೆ ಇರುವವರಿಗೆ ಬೇಡ. ವೇದಿಕೆಯ ಮೇಲೆ ಕೂರುವವರಿಗಂತೂ ಬೇಡವೇ ಬೇಡ. ಅದು ಬೇಕಾಗಿರುವುದು ಕೊನೆಯ ಬಸ್ಸಿನ ಲೆಕ್ಕ ಹಾಕುವವರಿಗೆ, ಪೀಜಿಯಲ್ಲಿ ಇರುವವರಿಗೆ, ಮರುದಿನ ಬೆಳಗಿನ ಪಾಳಿಗೆ ಹೋಗುವವರಿಗೆ. ‘ಸರ್ವರಿಗೂ ಸ್ವಾಗತ’ ಎನ್ನುವ ಸಾಲಿನೊಳಗೆ ಇವರು ಇಲ್ಲ.

ನನ್ನ ಸಂಶೋಧನೆಯ ವಿಷಯ ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ಪ್ರೇಕ್ಷಕರು. ಹಾಗಾಗಿ ವಾರಕ್ಕೆ ಮೂರೋ ನಾಲ್ಕೋ ಸಂಜೆ ನಾನು ಯಾವುದಾದರೂ ಸಭಾಂಗಣದ ಹಿಂದಿನ ಸಾಲಿನಲ್ಲಿ ನೋಟುಪುಸ್ತಕ ಹಿಡಿದು ಕೂತಿರುತ್ತೇನೆ. ಕಳೆದ ಒಂದು ವಾರದಲ್ಲಿ ನನ್ನ ಫೋನಿಗೆ ಬಂದ ಆಹ್ವಾನಗಳು ಇಪ್ಪತ್ತಕ್ಕೂ ಹೆಚ್ಚು. ಪುಸ್ತಕ ಬಿಡುಗಡೆ, ಗಮಕ, ಎರಡು ನಾಟಕ, ಒಂದೇ ದಿನ ಒಂದೇ ಹೊತ್ತಿಗೆ ಮೂರು ಕವಿಗೋಷ್ಠಿ. ಇಷ್ಟು ತುಂಬಿದ ವಾರ ಇರುವ ಊರಿನಲ್ಲಿ ಪ್ರತಿ ವೇದಿಕೆಯಿಂದಲೂ ಕೇಳುವ ಮಾತು ಒಂದೇ: ಜನ ಬರುವುದಿಲ್ಲ, ಯುವಕರಿಗೆ ಅಭಿರುಚಿ ಇಲ್ಲ, ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದಾರೆ. ಬರದವರ ಮೇಲಿನ ಈ ದೂರನ್ನು ಬಂದವರು ಕೂತು ಕೇಳಬೇಕು. ಅದೂ ಇಪ್ಪತ್ತು ನಿಮಿಷ.

ಆ ವಾರದ ಒಂದು ಸಂಜೆಯನ್ನು ಹೇಳುತ್ತೇನೆ. ನಗರದ ನಡುಮಧ್ಯದ ಒಂದು ಸಭಾಂಗಣ; ಸಂಘದ ಹೆಸರು ಬೇಡ, ಯಾವ ಸಂಘವಾದರೂ ಕಥೆ ಹೀಗೇ. ಆಹ್ವಾನದಲ್ಲಿ ‘ಸಂಜೆ 6ಕ್ಕೆ ಸರಿಯಾಗಿ’ ಎಂದಿತ್ತು. ಆರೂಮುಕ್ಕಾಲಿಗೆ ಅತಿಥಿಗಳು ಬಂದರು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ. ದೀಪ ಹಚ್ಚುವಾಗ ಫ್ಯಾನು ನಿಲ್ಲಿಸಲು ಯಾರೋ ಓಡಿದರು, ಆಮೇಲೆ ಹಾಕಲು ಮರೆತರು. ಐದು ಜನರಿಗೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ. ಪ್ರತಿಯೊಬ್ಬರಿಗೂ ಫೋಟೊ ಸರಿಯಾಗಿ ಬರುವವರೆಗೆ ಸನ್ಮಾನ. ಮುಖ್ಯ ಅತಿಥಿಗಳು ಯುವಜನರು ರಂಗಭೂಮಿಗೆ ಬರಬೇಕು ಎಂದು ಕರೆ ಕೊಟ್ಟು, ತುರ್ತು ಕೆಲಸವಿದೆ ಎಂದು ಕೈ ಮುಗಿದು, ತಮ್ಮ ಹಿಂದೆ ಹತ್ತು ಜನರನ್ನು ಕರೆದುಕೊಂಡು ಹೊರಟುಹೋದರು. ಮುಂದಿನ ಎರಡು ಸಾಲು ಖಾಲಿಯಾಯಿತು. ನಾಟಕ ಶುರುವಾದಾಗ ಎಂಟು ಗಂಟೆ ಇಪ್ಪತ್ತು ನಿಮಿಷ. ಒಂಬತ್ತರ ಸುಮಾರಿಗೆ ಹಿಂದಿನ ಸಾಲುಗಳಲ್ಲಿ ಗುಸುಗುಸು ಶುರುವಾಯಿತು. ಒಬ್ಬೊಬ್ಬರೇ ಚೀಲ ಎತ್ತಿಕೊಂಡು, ಕತ್ತಲಲ್ಲಿ ಬಗ್ಗಿಕೊಂಡು ಹೊರಗೆ ಹೋದರು. ಹೋದವರಲ್ಲಿ ಹೆಚ್ಚಿನವರು ಹೆಂಗಸರು, ಹುಡುಗಿಯರು. ಅಂಥ ಸಂಜೆಗಳಲ್ಲಿ ನಟರಿಗೆ ಕಾಣುವುದು ಪ್ರೇಕ್ಷಕರ ಬೆನ್ನು. ಮರುದಿನ ಆ ತಂಡದ ನಿರ್ದೇಶಕರು ಇವತ್ತಿನ ಪ್ರೇಕ್ಷಕರಿಗೆ ತಾಳ್ಮೆ ಇಲ್ಲ ಎಂದು ಬರೆದುಕೊಂಡಿದ್ದರು. ಎರಡೂ ಕಾಲು ಗಂಟೆ ಕಾದವರಿಗೆ ತಾಳ್ಮೆ ಇಲ್ಲವಂತೆ!

ಉಚಿತ ಪ್ರವೇಶದ ಲೆಕ್ಕವನ್ನೂ ಒಮ್ಮೆ ಮಾಡಿಬಿಡೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18. ಹದಿನೈದು ಕಿಲೋಮೀಟರ್ ದೂರಕ್ಕೆ 270 ರೂಪಾಯಿ. ರಾತ್ರಿ ಹತ್ತು ದಾಟಿದರೆ ಒಂದೂವರೆ ಪಟ್ಟು, ಅಂದರೆ 405. ಮೀಟರ್ ಹಾಕುವ ಚಾಲಕ ಸಿಕ್ಕರೆ ಎಂಬ ಷರತ್ತಿನೊಂದಿಗೆ. ಮೆಟ್ರೊ ಇದೆಯಲ್ಲ ಎನ್ನಬಹುದು. ಇದೆ, ಹೊತ್ತಾದರೂ ಓಡುತ್ತದೆ. ಆದರೆ 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90ಕ್ಕೆ ಏರಿತು. ಅದಕ್ಕಿಂತ ಮುಖ್ಯವಾಗಿ, ಮೆಟ್ರೊ ನಿಲ್ದಾಣದಿಂದ ಮನೆ ಬಾಗಿಲವರೆಗಿನ ಆ ಕೊನೆಯ ಎರಡು ಕಿಲೋಮೀಟರು, ಬೀದಿದೀಪ ಕೆಟ್ಟ ರಸ್ತೆಯ ಎರಡು ಕಿಲೋಮೀಟರು, ಯಾವ ನಕ್ಷೆಯಲ್ಲೂ ತೋರುವಷ್ಟು ಹತ್ತಿರವಲ್ಲ.

ಹಿಂದೆ ಹೀಗಿರಲಿಲ್ಲವೇ? 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಲಂಕೇಶರ ‘ಸಂಕ್ರಾಂತಿ’, ಲಂಕೇಶರೇ ಕನ್ನಡಕ್ಕೆ ತಂದ ‘ಈಡಿಪಸ್’, ಕಂಬಾರರ ‘ಜೋಕುಮಾರಸ್ವಾಮಿ’ ಆಡಿಸಿದ್ದರ ಬಗ್ಗೆ ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಆ ಪ್ರಯೋಗಗಳ ವಿನ್ಯಾಸ, ಸಂಗೀತ, ರಾಜಕೀಯ ಎಲ್ಲದರ ಬಗ್ಗೆ ಪುಟಗಟ್ಟಲೆ ಬರಹಗಳಿವೆ. ನೋಡಿದವರು ಆ ರಾತ್ರಿ ಮನೆಗೆ ಹೇಗೆ ಹೋದರು ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಆಗ ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಹೇಗೆ ಅಂದ್ರೆ? ನಡ್ಕೊಂಡು ಹೋದ್ವಮ್ಮ. ಗಾಂಧಿಬಜಾರ್ ತನಕ ಜಗಳ ಆಡ್ತಾ ನಡ್ಕೊಂಡು ಹೋದ್ವಿ” ಎಂದರು. ಮಹಿಳೆಯರು? “ಇದ್ರು, ಅವರವರ ಮನೆಯವರ ಜೊತೆ.”

ಆ ಉತ್ತರದಲ್ಲಿ ಎಲ್ಲ ಇದೆ. ನಡೆದು ಹೋಗುವಷ್ಟು ದೊಡ್ಡ ಊರು, ಜೊತೆಗೆ ಬರುವ ಮನೆಯವರು. ನಮ್ಮ ಸಾಂಸ್ಕೃತಿಕ ಸಂಜೆಯ ವೇಳಾಪಟ್ಟಿ ಇಂದಿಗೂ ಆ ಊರಿನದು. ಊರು ಮಾತ್ರ ಅಲ್ಲಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. ಈಗ ಅದೂ ಒಡೆದು ಐದು ಪಾಲಿಕೆಗಳಾಗಿವೆ. ಪೀಣ್ಯ, ಬೊಮ್ಮನಹಳ್ಳಿ, ಕೆ.ಆರ್. ಪುರ ಎಲ್ಲವೂ ಬೆಂಗಳೂರು. ನಾಟಕ, ಸಂಗೀತ, ಚಿತ್ರಪ್ರದರ್ಶನಗಳ ದೊಡ್ಡ ವಿಳಾಸಗಳು ಮಾತ್ರ ಜೆ.ಸಿ. ರಸ್ತೆ, ಮಲ್ಲೇಶ್ವರ, ಬಸವನಗುಡಿ, ಜೆ.ಪಿ. ನಗರ, ಅರಮನೆ ರಸ್ತೆ, ಕುಮಾರಕೃಪಾ ರಸ್ತೆ. ಮಲ್ಲತ್ತಹಳ್ಳಿಯ ಕಲಾಗ್ರಾಮದಂಥ ಒಂದೆರಡು ಜಾಗಗಳನ್ನು ಬಿಟ್ಟರೆ ಅಂಚಿನ ಊರುಗಳಿಗೆ ಸಿಕ್ಕಿದ್ದು ಮಾಲುಗಳು.

ಇಷ್ಟಾಗಿಯೂ ಜನ ಬರುವುದಿಲ್ಲ ಎಂಬುದು ಸುಳ್ಳು. 2003ರಲ್ಲಿ ಶುರುವಾದ ಚಿತ್ರಸಂತೆಗೆ ಹೋಗಿ ನೋಡಿ. ಜನವರಿಯ ಒಂದು ಭಾನುವಾರ, ಹಗಲು ಹೊತ್ತು, ವಾಹನ ನಿಲ್ಲಿಸಿದ ಕುಮಾರಕೃಪಾ ರಸ್ತೆ. ಕಾಲಿಡಲು ಜಾಗವಿರುವುದಿಲ್ಲ. ವರ್ಷವಿಡೀ ಗ್ಯಾಲರಿಯ ಮೆಟ್ಟಿಲು ಹತ್ತದ ಮನೆಮಂದಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿತ್ರದ ಮುಂದೆ ನಿಂತು ಬೆಲೆ ಕೇಳುತ್ತಾರೆ, ಬೆಚ್ಚಿ ನಗುತ್ತಾರೆ, ಇನ್ನೊಂದಿಷ್ಟು ಹೊತ್ತು ನೋಡುತ್ತಾರೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೂ ಯಾರೂ ಆಹ್ವಾನ ಪತ್ರಿಕೆ ಕಳಿಸುವುದಿಲ್ಲ. ಅಭಿರುಚಿ ಇಲ್ಲ ಎಂದು ನಾವು ಬೈಯುವ ಜನ ಇವರೇ.

ರಂಗಶಂಕರವನ್ನು ನೋಡಿ. 2004ರಿಂದ ಅಲ್ಲಿ ಒಂದು ನಿಯಮವಿದೆ: ಹೇಳಿದ ಹೊತ್ತಿಗೆ ನಾಟಕ ಶುರು, ತಡವಾಗಿ ಬಂದವರಿಗೆ ಬಾಗಿಲಿಲ್ಲ. ಇದನ್ನು ದುರಹಂಕಾರ ಎಂದವರನ್ನು ನಾನು ಬಲ್ಲೆ. ನನಗೆ ಅದು ಬಸ್ಸಿನಲ್ಲಿ ಬಂದವರಿಗೆ ಕೊಟ್ಟ ಮರ್ಯಾದೆಯಾಗಿ ಕಾಣುತ್ತದೆ. ಅಲ್ಲಿನ ಭಾನುವಾರ ಮಧ್ಯಾಹ್ನ ಮೂರೂವರೆಯ ಪ್ರದರ್ಶನಗಳಲ್ಲಿ ನಾನು ಕಾಣುವ ಮುಖಗಳೇ ಬೇರೆ. ಒಬ್ಬರೇ ಬಂದ ಐವತ್ತು ದಾಟಿದ ಹೆಂಗಸರು, ಪೀಜಿಯ ಹುಡುಗಿಯರ ಗುಂಪು, ಮಕ್ಕಳನ್ನು ಕರೆತಂದ ಅಜ್ಜಂದಿರು. ಅದೇ ನಾಟಕದ ರಾತ್ರಿಯ ಪ್ರದರ್ಶನದಲ್ಲಿ ಇವರು ಕಡಿಮೆ. ಮಧ್ಯಾಹ್ನಕ್ಕೂ ರಾತ್ರಿಗೂ ಅಭಿರುಚಿ ಬದಲಾಗುತ್ತದೆಯೇ?

ಈಗ ಸರ್ಕಾರದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅಂದರೆ ಈ ನಗರದ ಯಾವ ಮೂಲೆಯ ಹೆಂಗಸಾದರೂ ಒಂದು ರೂಪಾಯಿ ಖರ್ಚಿಲ್ಲದೆ ಕಲಾಕ್ಷೇತ್ರಕ್ಕೆ ಬಂದು ಹೋಗಬಹುದಾದ ದಿನಗಳು ಬಂದಿವೆ. ಕನ್ನಡ ರಂಗಭೂಮಿಯ ಪ್ರೇಕ್ಷಕರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಈಚಿನ ವರ್ಷಗಳಲ್ಲಿ ನಡೆದಿಲ್ಲ. ನಮ್ಮ ಸಂಸ್ಕೃತಿ ವಲಯಕ್ಕೆ ಇದು ಕಂಡಂತೆಯೇ ಇಲ್ಲ. ಸಾರಿಗೆ ಒಂದು ಇಲಾಖೆ, ಸಂಸ್ಕೃತಿ ಇನ್ನೊಂದು. ಹಗಲೆಲ್ಲ ಓಡುವ ಆ ಬಸ್ಸು ರಾತ್ರಿ ವಿರಳವಾಗುವ ಹೊತ್ತಿಗೆ ಸರಿಯಾಗಿ ನಮ್ಮ ನಾಟಕದ ಎರಡನೇ ಅಂಕ ಶುರುವಾಗುತ್ತದೆ. ಸರ್ಕಾರದ ಅನುದಾನ ಪಡೆಯುವ ಪ್ರತಿ ಕಾರ್ಯಕ್ರಮವೂ ಒಂಬತ್ತರೊಳಗೆ ಮುಗಿಯಬೇಕು, ಆಹ್ವಾನದಲ್ಲಿ ಮುಗಿಯುವ ಹೊತ್ತು ಮತ್ತು ಬಸ್ಸಿನ ಸಂಖ್ಯೆ ಇರಬೇಕು ಎಂದು ಒಂದು ಸುತ್ತೋಲೆ ಹೊರಡಿಸಲು ಎಷ್ಟು ಕೋಟಿ ಬೇಕು?

ಹವ್ಯಾಸಿ ತಂಡಗಳ ಗೆಳೆಯರು ನನಗೆ ಕೊಡುವ ಉತ್ತರ ಗಂಭೀರವಾದದ್ದು. ನಟರೆಲ್ಲ ಹಗಲು ಕೆಲಸ ಮಾಡುವವರು. ಬ್ಯಾಂಕು, ಶಾಲೆ, ಸಾಫ್ಟ್‌ವೇರ್ ಕಂಪನಿ. ಆರಕ್ಕೆ ಕಚೇರಿ ಬಿಟ್ಟು, ಟ್ರಾಫಿಕ್ ದಾಟಿ, ಬಣ್ಣ ಹಚ್ಚಿಕೊಳ್ಳುವಷ್ಟರಲ್ಲಿ ಏಳೂವರೆ. ಒಪ್ಪುತ್ತೇನೆ. ಏಳೂವರೆಗೆ ನಾಟಕ ಶುರುವಾದರೆ ಒಂಬತ್ತಕ್ಕೆ ನಾವೆಲ್ಲ ಬಸ್ ನಿಲ್ದಾಣದಲ್ಲಿರುತ್ತೇವೆ. ನನ್ನ ಜಗಳ ನಟರ ಹತ್ತಿರ ಅಲ್ಲ, ಅವರ ಏಳೂವರೆಯನ್ನು ಎಂಟೂಕಾಲು ಮಾಡುವ ಶಾಲು ಹಾರಗಳ ಹತ್ತಿರ. ಶಾಲು ಹೊದೆಸದಿದ್ದರೆ ಅನುದಾನ, ದೇಣಿಗೆ ಬರುವುದಿಲ್ಲ ಎಂಬುದೂ ಗೊತ್ತು. ಸನ್ಮಾನ ಮಾಡಿ, ನಾಟಕ ಮುಗಿದ ಮೇಲೆ ಮಾಡಿ. ಮುಖ್ಯ ಅತಿಥಿಗಳೂ ನಾಟಕ ನೋಡಿದಂತಾಗುತ್ತದೆ.

ಇನ್ನು ನಮ್ಮ ಕ್ಯಾಂಪಸ್ಸುಗಳು. ನಾನಿರುವ ಮಹಿಳಾ ಹಾಸ್ಟೆಲಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಪಕ್ಕದ ಹುಡುಗರ ಹಾಸ್ಟೆಲಿಗೆ ಗೇಟು ಇದೆ, ಮುಚ್ಚುವ ಹೊತ್ತಿಲ್ಲ. ನಾಟಕದ ಪ್ರೇಕ್ಷಕರ ಬಗ್ಗೆ ಪಿಎಚ್‌ಡಿ ಮಾಡುವ ಇಪ್ಪತ್ತೆಂಟು ವರ್ಷದ ನಾನು ನಾಟಕ ನೋಡಲು ಮಾರ್ಗದರ್ಶಕರ ಸಹಿ ಇರುವ ಪತ್ರ ಕೊಡಬೇಕು. ಅದರಲ್ಲಿ ‘ವಾಪಸಾಗುವ ಸಮಯ’ ಎಂಬ ಕಾಲಂ ಇದೆ. ಆಹ್ವಾನ ಪತ್ರಿಕೆಯಲ್ಲಿ ಇಲ್ಲದ ಆ ಹೊತ್ತನ್ನು ನಾನು ಪ್ರತಿ ಬಾರಿಯೂ ಊಹಿಸಿ ಬರೆಯುತ್ತೇನೆ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ಇದೇ ಗೇಟಿನ ವಿರುದ್ಧ ‘ಪಿಂಜ್ರಾ ತೋಡ್’ ಎಂದು ಬೀದಿಗಿಳಿದರು. ಸ್ತ್ರೀ ಸಂವೇದನೆಯ ಬಗ್ಗೆ ವರ್ಷಕ್ಕೆ ಎರಡು ವಿಚಾರ ಸಂಕಿರಣ ನಡೆಸುವ ನಮ್ಮ ವಿಭಾಗಗಳಲ್ಲಿ ಈ ಗೇಟಿನ ಬಗ್ಗೆ ಒಂದು ಪ್ರಬಂಧವೂ ಮಂಡನೆಯಾದದ್ದನ್ನು ನಾನು ಕೇಳಿಲ್ಲ. ಬೆಂಗಳೂರಿನ ಸಂಜೆಗಳು ಗಂಡಸರಿಂದ ತುಂಬಿರುವುದಕ್ಕೆ ಗೇಟು ಹಾಕುವವರು, ತಡವಾಗಿ ಶುರು ಮಾಡುವವರು ಇಬ್ಬರೂ ಕಾರಣ. ಒಬ್ಬರು ಇನ್ನೊಬ್ಬರನ್ನು ತೋರಿಸಿ ಪಾರಾಗುತ್ತಾರೆ.

ಕಲೆಗೆ ಗಡಿಯಾರ ಕಟ್ಟಬೇಡಿ ಎಂದು ಹಿರಿಯ ಕಲಾವಿದರೊಬ್ಬರು ನನಗೆ ಬೈದರು. ನಾನು ಕರಾವಳಿಯವಳು. ಗಡಿಯಾರವಿಲ್ಲದ ಕಲೆ ಹೇಗಿರುತ್ತದೆ ಎಂದು ಬಯಲಾಟದ ಚಾಪೆಯ ಮೇಲೆ ನಿದ್ದೆ ಹೋಗಿ ಎದ್ದು ಕಲಿತವಳು. ನಮ್ಮೂರ ಆಟಕ್ಕೆ ಅಮ್ಮ, ದೊಡ್ಡಮ್ಮ, ಅಕ್ಕಪಕ್ಕದ ಹೆಂಗಸರೆಲ್ಲ ಹೋಗುತ್ತಿದ್ದರು. ಆಟ ಇಡೀ ರಾತ್ರಿ ನಡೆಯುತ್ತಿತ್ತು ಎಂಬುದೇ ಅದಕ್ಕೆ ಕಾರಣ. ನಡುರಾತ್ರಿ ಗದ್ದೆಯ ಅಂಚಿನಲ್ಲಿ ನಡೆದು ಬರುವ ಪ್ರಶ್ನೆಯೇ ಇರಲಿಲ್ಲ. ಬೆಳಕು ಹರಿದ ಮೇಲೆ ಮಂಗಳ, ಆಮೇಲೆ ಮನೆ. ಜನರ ಬದುಕು ಬದಲಾದಾಗ ಹಲವು ಮೇಳಗಳು ಕಾಲಮಿತಿಗೆ ಬಂದವು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ಎರಡೂ ತುದಿಯನ್ನು ಕರಪತ್ರದಲ್ಲೇ ಹಾಕತೊಡಗಿದವು. ಅದರಿಂದ ಯಕ್ಷಗಾನ ಹಾಳಾಯಿತೋ ಇಲ್ಲವೋ ಎಂಬ ಜಗಳ ಇನ್ನೂ ನಡೆದಿದೆ. ನೋಡುವವರು ಮನೆ ಸೇರುವುದು ಹೇಗೆ ಎಂಬುದನ್ನು ಮಾತ್ರ ಆಡಿಸುವವರು ಎರಡೂ ಕಾಲದಲ್ಲಿ ಮರೆಯಲಿಲ್ಲ.

ಬೆಂಗಳೂರಿನ ಸಂಘಟಕರಿಗೆ ಒಂಬತ್ತಕ್ಕೆ ಮುಗಿಸುವುದು ಅಷ್ಟೊಂದು ಕಷ್ಟವಾದರೆ ಅಹೋರಾತ್ರಿಯೇ ಮಾಡಲಿ. ಭಾಷಣಗಳೂ ಇರಲಿ, ಶಾಲುಗಳೂ ಇರಲಿ. ಮೊದಲ ಬಸ್ಸು ಹೊರಡುವವರೆಗೆ ಸಭಾಂಗಣದ ಬಾಗಿಲು ತೆರೆದಿಡಲಿ, ನಡುವೆ ಒಂದು ಸಲ ಚಹಾ ಕೊಡಲಿ. ನಾವು ಕೂರುತ್ತೇವೆ. ಹಾಸ್ಟೆಲಿನ ಗೇಟು ತೆರೆಯುವುದು ಬೆಳಿಗ್ಗೆ ಆರಕ್ಕೆ.