ಪರದೆ ಎಳೆಯಿರಿ, ಪಕ್ಕೆಲುಬು ಎಣಿಸಿ
ಪುಣೆಯಲ್ಲಿ ಇಸಿಜಿ ತೆಗೆಯುವುದು ನನ್ನ ಕೆಲಸ. ಮೊನ್ನೆ ವಿಜಯಪುರ ಕಡೆಯ ಅಜ್ಜಿಯೊಬ್ಬರು, ಬೇರೆಡೆ ತೆಗೆಸಿದ ಇಸಿಜಿಯಲ್ಲಿ ಹಳೆಯ ಹೃದಯಾಘಾತದ ಗುರುತಿದೆಯೆಂದು ಹೆದರಿ ಬಂದರು. ಕುಪ್ಪಸ ಸಡಿಲಿಸಲು ಅವರು ನಾಚಿದ್ದಕ್ಕೆ ಎಲೆಕ್ಟ್ರೋಡ್‌ಗಳನ್ನು ಮೇಲೆಯೇ ಅಂಟಿಸಿದ್ದರಂತೆ. ಪರದೆ ಎಳೆದು, ‘ಕರೆಂಟ್ ಹೊಡಿಯಂಗಿಲ್ಲ ಆಯಿ, ಅಂಜಬ್ಯಾಡ್ರಿ’ ಎಂದು ಮಲಗಿಸಿ, ಪಕ್ಕೆಲುಬು ಎಣಿಸಿ ಮತ್ತೆ ತೆಗೆದೆ. ಆ ಗುರುತಿರಲಿಲ್ಲ, ವೈದ್ಯರೂ ಅದನ್ನೇ ಹೇಳಿದರು.

ಎದೆಮೂಳೆಯ ಎಡಬಲದ ಎಲೆಕ್ಟ್ರೋಡ್‌ಗಳು 4ನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲೇ ಇರಬೇಕು. ಮೇಲೇರಿದರೆ ಇಲ್ಲದ ಕಾಯಿಲೆ ಕಾಗದದಲ್ಲಿ ಕಾಣಬಹುದು. ಯಂತ್ರಕ್ಕೆ 10 ಸೆಕೆಂಡು ಸಾಕು. ಸಿದ್ಧತೆಗೆ 5 ನಿಮಿಷವಾದರೂ ಬೇಕು. ಸಂಕೋಚ ರೋಗಿಯ ತಪ್ಪಲ್ಲ, ಪರದೆ ಎಳೆಯದ ನಮ್ಮ ತಪ್ಪು. ಪರವೂರಿನ ಭಾಷೆ ಬಾರದಿದ್ದರೂ ಪರದೆ, ಮಹಿಳಾ ಸಿಬ್ಬಂದಿ ಬೇಕೆಂದು ಕೇಳಿ, ನಾಚಿಕೆಪಡಬೇಡಿ.