ನಾಲ್ಕು ತಾಲ್ಲೂಕು, ಎರಡು ನೋಟ್‌ಬುಕ್ಕು

ನಿಮಗೆ ರಜೆ ಮುಗಿದು ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಹೊತ್ತಿಗೆ ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ, ಮಕ್ಕಳೇ. ಹಾಗಾಗಿ ನಮ್ಮ ಮಧುಗಿರಿಯಂಥ ಊರಲ್ಲೂ ಜೂನ್ ಬಂದರೆ ಕೆಲವು ಮನೆಗಳ ಅಜ್ಜಿಯರು ಅಟ್ಟದಿಂದ ಸೊಳ್ಳೆಪರದೆ ಇಳಿಸುತ್ತಾರೆ, ಅಜ್ಜಂದಿರು ಬಚ್ಚಲಿನ ನಲ್ಲಿ ರಿಪೇರಿ ಮಾಡಿಸುತ್ತಾರೆ. ಈ ಸಲ ಆ ಮನೆಗಳಲ್ಲಿ ನಮ್ಮದೂ ಒಂದು. ಟೆಕ್ಸಾಸ್‌ನಿಂದ ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ ಬಂದಿದ್ದರು. ಒಟ್ಟು 18 ದಿನ.

ಮಗಳು ಅಲ್ಲಿಂದಲೇ ಪಟ್ಟಿ ಮಾಡಿಕೊಂಡು ಬಂದಿದ್ದಳು: ಮೈಸೂರು, ಹಂಪಿ, ಗೋವಾ. ನಾನು ಬೇಡ ಅನ್ನಲಿಲ್ಲ. "ನನಗೆ ನಾಲ್ಕು ದಿನ ಬಿಟ್ಟುಕೊಡಮ್ಮ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಇಷ್ಟೇ" ಅಂದೆ. "ಅಲ್ಲಿ ನೋಡೋಕೆ ಏನಿದೆ ಅಪ್ಪಾ?" ಅಂದಳು. ಇಲ್ಲೇ ಹುಟ್ಟಿ ಬೆಳೆದವಳು!

ನನ್ನ ಲೆಕ್ಕ ಬೇರೆಯೇ ಇತ್ತು. ದೊಡ್ಡವಳು ಕನ್ನಡವನ್ನು ತಕ್ಕಮಟ್ಟಿಗೆ ಆಡುತ್ತಾಳೆ. ಚಿಕ್ಕವನಿಗೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನಾಕೆಗೆ ಇಂಗ್ಲಿಷ್ ಬಾರದು. ಫೋನಿನಲ್ಲಿ ಅವಳು "ಊಟ ಆಯ್ತಾ ಕಂದ?" ಅಂದರೆ ಅವನು "ಯಸ್" ಅನ್ನುತ್ತಾನೆ. ಅಲ್ಲಿಗೆ ಅಜ್ಜಿ-ಮೊಮ್ಮಗನ ಮಾತು ಮುಗಿಯಿತು. ಅವರು ಬರುವುದು ಮೂರು ವರ್ಷಕ್ಕೊಮ್ಮೆ. ನನಗೆ 73, ಅವಳಿಗೆ 70. ಇನ್ನೆಷ್ಟು ಸಲ ಎಂಬ ಲೆಕ್ಕವನ್ನು ಬ್ಯಾಂಕಿನಲ್ಲಿ ಕೂತು ಬಂದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡು ನೋಟ್‌ಬುಕ್ಕು ತಂದೆ. ಗೆರೆ ಎಳೆದು ಜಮಾ, ಖರ್ಚು, ಉಳಿಕೆ ಎಂದು ಬರೆದುಕೊಟ್ಟೆ. ದಿನಕ್ಕೆ ಒಬ್ಬೊಬ್ಬರಿಗೆ 100 ರೂಪಾಯಿ, ಎಲ್ಲವೂ ಹತ್ತರ ನೋಟು. ಷರತ್ತು ಎರಡೇ: ಅಂಗಡಿಯಲ್ಲಿ ಬೆಲೆಯನ್ನು ತಾವೇ ಕನ್ನಡದಲ್ಲಿ ಕೇಳಬೇಕು, ಚಿಲ್ಲರೆಯನ್ನು ಎಣಿಸಿ ಪಡೆಯಬೇಕು. ಅಪ್ಪ ಅಮ್ಮ ಬಾಯಿ ಹಾಕುವಂತಿಲ್ಲ.

ಮೊದಲ ದಿನ ನಮ್ಮೂರ ಬೆಟ್ಟವೇ. ಟೆಕ್ಸಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ನಡುರಾತ್ರಿ ಎರಡು ಗಂಟೆಯಾದರೆ ಅಲ್ಲಿ ಹಿಂದಿನ ಮಧ್ಯಾಹ್ನದ ಮೂರೂವರೆ, ಅಂದರೆ ಮಕ್ಕಳು ತಿಂಡಿ ಕೇಳುವ ಹೊತ್ತು. ಇಬ್ಬರೂ ಎದ್ದು ಕೂತಿದ್ದರು. ಅವರ ಅಜ್ಜಿ ಬೇಸರಿಸದೆ ಆ ಹೊತ್ತಲ್ಲೇ ಅಕ್ಕಿ ರೊಟ್ಟಿ ತಟ್ಟಿದಳು. ಪರದೇಶದಿಂದ ಬಂದ ಮಕ್ಕಳನ್ನು ಬೈದು ಮಲಗಿಸಲು ಹೋಗಬೇಡಿ ಅಜ್ಜಂದಿರೇ, ಆ ಎಚ್ಚರವನ್ನು ಬಳಸಿಕೊಳ್ಳಿ. ಬಿಸಿಲು ಏರುವ ಮೊದಲೇ ನಾವು ಕೋಟೆ ಬಾಗಿಲಲ್ಲಿದ್ದೆವು.

ಮಧು ಎಂದರೆ ಜೇನು, ಗಿರಿ ಎಂದರೆ ಬೆಟ್ಟ. ಹಳಬರ ಬಾಯಲ್ಲಿ ಇದು ಮದ್ದಗಿರಿ. ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಪಾಳೆಯಗಾರರು ಕಟ್ಟಿದ ಕೋಟೆಯನ್ನು ಹೈದರಾಲಿ ಗಟ್ಟಿ ಮಾಡಿಸಿದ. ಮೇಲೆ ಹೋದಂತೆ ಮೆಟ್ಟಿಲು ಮುಗಿದು, ಬರೀ ಬಂಡೆಯಲ್ಲಿ ಕಾಲಿಡಲು ಕೊರೆದ ಕಚ್ಚುಗಳು ಸಿಗುತ್ತವೆ. ಅಲ್ಲಿಂದಾಚೆಗೆ ಸಣ್ಣ ಮಕ್ಕಳನ್ನು ಒಯ್ಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಳಿಯ ಒಬ್ಬನೇ ಮೇಲೆ ಹೋದ. ನಾವು ಅರ್ಧದಲ್ಲೇ ಗೋಡೆಗೆ ಒರಗಿ ಕೂತು ಊರನ್ನು ನೋಡಿದೆವು. "ಇದೆಲ್ಲಾ ಒಂದೇ ಕಲ್ಲಾ ತಾತ?" ಎಂದು ದೊಡ್ಡವಳು ಕೇಳಿದಳು. ಚಿಕ್ಕವನು ಬಂಡೆಯನ್ನು ಸವರಿ ನೋಡಿದ, ಮಾತಿಲ್ಲ. ಇಳಿದ ಮೇಲೆ ಇಬ್ಬರೂ ಕಡಲೆಕಾಯಿ ಕೊಂಡರು. ಅವನು ಹತ್ತು ರೂಪಾಯಿ ನೋಟು ಚಾಚಿ ಸುಮ್ಮನೆ ನಿಂತ. ಅಂಗಡಿಯಾಕೆ, "ಏನ್ ಬೇಕು ಮರಿ, ಬಾಯಿ ಬಿಡು" ಅಂದಳು. "ಕಡ್ಲೆಕಾಯಿ" ಅಂದ. ಒಂದೇ ಪದ. ಆಗಲಿ.

ಶಿರಾಕ್ಕೆ ಸರ್ಕಾರಿ ಬಸ್ಸು. ಶಕ್ತಿ ಯೋಜನೆಯಿಂದ ಅಜ್ಜಿಗೆ ಟಿಕೆಟ್ಟು ಸೊನ್ನೆ, ಮಕ್ಕಳಿಗೆ ಅರ್ಧ. ಮೊಮ್ಮಗಳು "ಅಜ್ಜಿ: 0" ಎಂದು ಬರೆದುಕೊಂಡು, ತನಗೇಕೆ ಸೊನ್ನೆ ಇಲ್ಲ ಎಂದು ದಾರಿಯುದ್ದಕ್ಕೂ ವಾದ ಮಾಡಿದಳು. ಕರ್ನಾಟಕದಲ್ಲಿ ವಾಸವಿರುವ ಹೆಣ್ಣುಮಕ್ಕಳಿಗೆ ಮಾತ್ರ ಎಂದರೆ, "ಈಗ ಇಲ್ಲೇ ಇದ್ದೀನಲ್ಲ!"

ಶಿರಾ ಒಂದು ಕಾಲಕ್ಕೆ ರಾಜಧಾನಿ. ಬಿಜಾಪುರವನ್ನು ಗೆದ್ದ ಮೊಗಲರು 1687ರಲ್ಲಿ ಇಲ್ಲಿ ಸುಬಾ ಸ್ಥಾಪಿಸಿದರು. ಮಲಿಕ್ ರಿಹಾನ್ ಗೋರಿಯನ್ನೂ ಜುಮ್ಮಾ ಮಸೀದಿಯನ್ನೂ ಬೇಗ ನೋಡಿ, ಆಟೋ ಹಿಡಿದು ಕಗ್ಗಲಡುವಿಗೆ ಹೋದೆವು.

ಕಗ್ಗಲಡು ಸಣ್ಣ ಹಳ್ಳಿ. ಮನೆಗಳ ನಡುವೆಯೇ ಹುಣಸೆಮರಗಳು. ಆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ. ವರ್ಷದ ಆರಂಭದಲ್ಲಿ ಬಂದು, ಮರಿಗಳು ಹಾರಲು ಕಲಿತ ಮೇಲೆ ಹೊರಟುಹೋಗುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿರುವಂತೆ ಇಲ್ಲೂ ಹಳ್ಳಿಯವರೇ ಕಾವಲು. ಹಿಕ್ಕೆಯ ವಾಸನೆ ಸಹಿಸಿಕೊಂಡು, ಮರ ಕಡಿಯದೆ ಕಾಪಾಡಿದ್ದಾರೆ. ಜೂನ್‌ನಲ್ಲಿ ಮರಿಗಳು ದೊಡ್ಡವಾಗಿ ಗೂಡಿನಲ್ಲಿ ಗಲಾಟೆ ಎಬ್ಬಿಸಿದ್ದವು. ತಾಯಿಯೊಂದು ಬಂದು ಮೀನು ಕಕ್ಕಿತು. ಮರಿಗಳ ಕಿತ್ತಾಟದಲ್ಲಿ ಒಂದು ಮೀನು ಜಾರಿ ನಮ್ಮ ಮುಂದೆಯೇ ತಪ್ಪೆಂದು ಬಿತ್ತು.

"ಅಜ್ಜೀ! ಮೀನು ಬಿತ್ತು! ಮೇಲಿಂದ ಬಿತ್ತು! ಅದಕ್ಕೆ ವಾಪಸ್ ಕೊಡು!"

ಕೂಗಿದ್ದು ಚಿಕ್ಕವನು. ಅವನಮ್ಮ ಬೆರಳು ತುಟಿಗಿಟ್ಟು ಯಾರೂ ಏನೂ ಅನ್ನಬೇಡಿ ಎಂಬಂತೆ ನೋಡಿದಳು. ನನ್ನಾಕೆ ಏನೂ ವಿಶೇಷ ನಡೆಯದವಳಂತೆ, "ಅಷ್ಟು ಎತ್ತರ ನನಗೆ ಎಟುಕಲ್ಲ ಕಂದ, ನೀನು ಎಸಿ" ಅಂದಳು. ಅವನು, "ನಂಗೂ ಆಗಲ್ಲ" ಅಂದ. ಅರ್ಧ ಗಂಟೆ ಅಜ್ಜಿಯ ಸೆರಗು ಹಿಡಿದು ಅವನು ಕೇಳಿದ್ದೇ ಕೇಳಿದ್ದು.

ಕೊರಟಗೆರೆಯ ದಿನದ ಬಗ್ಗೆ ಹೆಚ್ಚು ಹೇಳಲಾರೆ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಅಜ್ಜಿಯ ಹರಕೆ ಇತ್ತು. ಸಾಲು ಉದ್ದವಿತ್ತು, ಮಕ್ಕಳಿಗೆ ನಿದ್ದೆ ಬಂತು.

ಪಾವಗಡದ ದಾರಿಯಲ್ಲಿ ನೆಲ ಒಣಗುತ್ತ ಹೋಗುತ್ತದೆ, ಮಾತಿಗೆ ತೆಲುಗು ಸೇರುತ್ತ ಹೋಗುತ್ತದೆ. ಕುಡಿಯುವ ನೀರು ಮನೆಯಿಂದಲೇ ಒಯ್ದಿದ್ದೆವು, ಅಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅಂಗಡಿಯ ಹುಡುಗ ತನ್ನಮ್ಮನೊಡನೆ ತೆಲುಗು, ನಮ್ಮೊಡನೆ ಕನ್ನಡ ಆಡಿದ. ಚಿಕ್ಕವನು ಅವನನ್ನೇ ನೋಡುತ್ತ ನಿಂತ, ತನ್ನ ಹಾಗೆಯೇ ಮನೆಗೊಂದು ಶಾಲೆಗೊಂದು ಭಾಷೆ ಇರುವವನೊಬ್ಬ ಸಿಕ್ಕಿದನಲ್ಲ ಎಂದಿರಬೇಕು. ತಿರುಮಣಿಯ ಬಳಿ ರಸ್ತೆಯಿಂದಲೇ ಸೋಲಾರ್ ಪಾರ್ಕ್ ಕಾಣುತ್ತದೆ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಮಾರಿಲ್ಲ, ರೈತರು ಬಾಡಿಗೆಗೆ ಕೊಟ್ಟಿದ್ದಾರೆ: ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ನಾಲ್ಕು ಎಕರೆಯವನಿಗೆ ಮೂರನೇ ವರ್ಷ ಎಷ್ಟು ಬರುತ್ತದೆ? ಮೊಮ್ಮಗಳು ಕಾರಿನಲ್ಲೇ ಲೆಕ್ಕ ಹಾಕಿ 88,200 ಅಂದಳು. ನೀವೂ ಹಾಕಿ ನೋಡಿ. ಆಮೇಲೆ ಅವಳೇ, "ಜಮೀನಿಲ್ಲದೆ ಬೇರೆಯವರ ಹೊಲದಲ್ಲಿ ಕೆಲಸ ಮಾಡ್ತಿದ್ದವರಿಗೆ?" ಎಂದು ಕೇಳಿದಳು. ಅವರಿಗೆ ಬಾಡಿಗೆ ಇಲ್ಲ, ಕೂಲಿಯೂ ಹೋಯಿತು ಎಂದೆ. ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಗೇ ಜಾಗ ಬಿಟ್ಟಳು.

ಮೈಸೂರು, ಹಂಪಿ ಆದವು. ಗೋವಾ ಉಳಿಯಿತು. ನೋಟ್‌ಬುಕ್ಕುಗಳನ್ನು ಅವರೇ ತೆಗೆದುಕೊಂಡು ಹೋದರು.

ಮೊನ್ನೆ ಮಗಳ ಫೋನಿನಿಂದ ಒಂದು ಧ್ವನಿ ಸಂದೇಶ ಬಂತು. "ಅಜ್ಜೀ, ಕೊಕ್ಕರೆ ಹೋಯ್ತಾ? ಮರಿ ಹಾರ್ತಾ?" ನನ್ನಾಕೆ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ಕೇಳಿದಳು. ನೋಡದೆ ಉತ್ತರ ಹೇಳುವುದು ಹೇಗೆ ಅನ್ನುತ್ತಾಳೆ. ಬುಧವಾರ ಶಿರಾ ಬಸ್ಸು ಹತ್ತುತ್ತಿದ್ದೇವೆ. ಅವಳದು ಸೊನ್ನೆ ಟಿಕೆಟ್ಟು, ನನ್ನದು ಪೂರ್ತಿ.